ಮಿಡ್‌ಫೀಲ್ಡರ್ ಜಾಗ ಬಿಟ್ಟರೆ ಬೈಗುಳ ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಮೈದಾನದ ಅಂಚಿನಲ್ಲಿ ನಿಂತ ಅಪ್ಪ ಅಮ್ಮಂದಿರು, ವಾರಕ್ಕೊಮ್ಮೆ ಬೂಟು ಕಟ್ಟುವ ಕಚೇರಿ ನೌಕರರು, ಕಂಠೀರವದಲ್ಲಿ ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಪಂದ್ಯ ನೋಡಿ ಮನೆ ತಲುಪುವವರೆಗೂ ಜಗಳವಾಡುವ ಗೆಳೆಯರು, ಇವರೆಲ್ಲರ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: ನಡುಮೈದಾನದಲ್ಲಿ, ಅಂದರೆ ಮಿಡ್‌ಫೀಲ್ಡರ್‌ಗಳ ಪೈಕಿ, ಯಾರು ಎಲ್ಲಿರಬೇಕು, ಇಲ್ಲದಿದ್ದರೆ ಏನಾಗುತ್ತದೆ? ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನು ನಾನು. ಈ ವಿಷಯದಲ್ಲಿ ನನಗೊಂದು ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಗೋಲು ಹೋದಾಗಲೆಲ್ಲ ಬೈಗುಳ ತಿನ್ನುವ ಡಿಫೆಂಡರ್‌ಗಳ ಪರ ವಕಾಲತ್ತು ನನ್ನದು.

ಸ್ಥಾನದ ಶಿಸ್ತು ಎಂದರೆ ಕೋಚ್ ತೋರಿಸಿದ ಜಾಗದಲ್ಲೇ ನಿಲ್ಲುವುದೇ?

ಅಷ್ಟೇ ಆಗಿದ್ದರೆ ಸುಣ್ಣದಲ್ಲಿ ಒಂದು ವೃತ್ತ ಬರೆದು ಹುಡುಗನನ್ನು ಅದರೊಳಗೆ ನಿಲ್ಲಿಸಿ ಮನೆಗೆ ಹೋಗಬಹುದಿತ್ತು.

ದೊಡ್ಡ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೋಲ್‌ಕೀಪರ್‌ನನ್ನು ಬಿಟ್ಟು ಉಳಿದ ಹತ್ತು ಜನಕ್ಕೆ ಆ ನೆಲವನ್ನು ಸಮನಾಗಿ ಹಂಚಿದರೆ ತಲೆಗೆ 714 ಚದರ ಮೀಟರ್ ಬರುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಒಬ್ಬೊಬ್ಬನಿಗೆ ಆರು 30-40 ಸೈಟು. ಅಷ್ಟನ್ನು ಯಾರೂ ಕಾಯಲಾರರು. ಆದ್ದರಿಂದ ಎದುರಾಳಿಯ ಬಳಿ ಚೆಂಡಿದ್ದಾಗ ತಂಡ ಇಡೀ ಮೈದಾನದ ಆಸೆ ಬಿಟ್ಟು ಚೆಂಡಿನ ಕಡೆಗೆ ಕುಗ್ಗುತ್ತದೆ. ಚೆಂಡು ಎಡಕ್ಕೆ ಹೋದರೆ ಎಲ್ಲರೂ ಎಡಕ್ಕೆ ಸರಿಯುತ್ತಾರೆ. ದೂರದ ಬಲ ಅಂಚನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಅಲ್ಲಿಗೆ ಚೆಂಡು ತಲುಪಲು ಎರಡು ಮೂರು ಸೆಕೆಂಡಾದರೂ ಬೇಕು, ಅಷ್ಟರಲ್ಲಿ ಮತ್ತೆ ಸರಿದುಕೊಳ್ಳಬಹುದು ಎಂಬ ಲೆಕ್ಕಾಚಾರ ಅದು.

ಹೀಗೆ ಸರಿಯುವಾಗ ಮಿಡ್‌ಫೀಲ್ಡರ್ ತನ್ನ ಹಿಂದಿನ ಡಿಫೆಂಡರ್‌ನಿಂದ, ಪಕ್ಕದ ಮಿಡ್‌ಫೀಲ್ಡರ್‌ನಿಂದ, ಮುಂದಿನ ಸ್ಟ್ರೈಕರ್‌ನಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದೇ ಶಿಸ್ತು. ನಾನು ಹುಡುಗರಿಗೆ ಹೇಳುವುದು ಹತ್ತರಿಂದ ಹದಿನೈದು ಮೀಟರ್. ಅದಕ್ಕಿಂತ ಹೆಚ್ಚಾದರೆ ನಡುವೆ ಎದುರಾಳಿ ನಿಂತು ಆರಾಮವಾಗಿ ತಿರುಗುತ್ತಾನೆ. ಕಡಿಮೆಯಾದರೆ ಇಬ್ಬರು ಸೇರಿ ಒಬ್ಬನ ಕೆಲಸ ಮಾಡುತ್ತಿರುತ್ತಾರೆ. ಶಿಸ್ತಿನ ಆಟಗಾರ ತೊಂಬತ್ತು ನಿಮಿಷವೂ ಚಲಿಸುತ್ತಲೇ ಇರುತ್ತಾನೆ. ಎರಡು ಹೆಜ್ಜೆ ಎಡಕ್ಕೆ, ಮೂರು ಹೆಜ್ಜೆ ಹಿಂದಕ್ಕೆ. ಅದು ಓಟದಂತೆ ಕಾಣುವುದಿಲ್ಲ, ಅಷ್ಟೇ.

ನನ್ನ ಮಗ ಇಡೀ ಪಂದ್ಯ ಬಿಡದೆ ಓಡುತ್ತಾನೆ. ಆದರೂ ಕೋಚ್ ಅವನನ್ನೇ ಹೊರಗೆ ಕೂರಿಸುತ್ತಾರೆ. ಏಕೆ?

ಅವನು ಎಲ್ಲಿಗೆ ಓಡುತ್ತಾನೆ, ಓಡಿದಾಗ ಅವನ ಹಿಂದೆ ಏನು ಉಳಿಯುತ್ತದೆ ಎಂದು ನೋಡಿ. ವೃತ್ತಿಪರ ಮಿಡ್‌ಫೀಲ್ಡರ್‌ಗಳೂ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾರೆ. ಹಾಗಾಗಿ ಓಡುವುದರಲ್ಲಿ ಹೆಚ್ಚುಗಾರಿಕೆ ಇಲ್ಲ.

ಹದಿನೈದು ವರ್ಷದೊಳಗಿನವರ ಪಂದ್ಯಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಗೋಲನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಎದುರಾಳಿಯ ಎಡ ಫುಲ್‌ಬ್ಯಾಕ್ (ಅಂಚು ಕಾಯುವ ಡಿಫೆಂಡರ್) ಅಂಚುಗೆರೆಯ ಬಳಿ ಚೆಂಡು ಹಿಡಿದಿದ್ದಾನೆ. ಅವನನ್ನು ತಡೆಯಬೇಕಾದ ನಮ್ಮ ಬಲ ವಿಂಗರ್ (ಅಂಚಿನಲ್ಲಿ ದಾಳಿ ಮಾಡುವವನು) ಸ್ವಲ್ಪ ಹಿಂದೆ ಬಿದ್ದಿದ್ದಾನೆ. ಡಿಫೆಂಡರ್‌ಗಳ ಮುಂದೆ ಕಾವಲಿಗಿದ್ದ ನಮ್ಮ ಮಿಡ್‌ಫೀಲ್ಡರ್‌ಗೆ ರಕ್ತ ಕುದಿಯುತ್ತದೆ. ತಲೆ ತಗ್ಗಿಸಿ ಇಪ್ಪತ್ತು ಮೀಟರ್ ಓಡಿ ಅಂಚಿಗೆ ನುಗ್ಗುತ್ತಾನೆ. ಹೊರಗೆ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಆ ಫುಲ್‌ಬ್ಯಾಕ್ ಗಾಬರಿಯಾಗದೆ ಚೆಂಡನ್ನು ಒಳಕ್ಕೆ ತಳ್ಳುತ್ತಾನೆ, ನಮ್ಮ ಹುಡುಗ ಈಗಷ್ಟೇ ಬಿಟ್ಟುಬಂದ ಜಾಗಕ್ಕೆ. ಅಲ್ಲಿ ಅವರ ಹತ್ತನೇ ನಂಬರಿನವನು, ಅಂದರೆ ಸ್ಟ್ರೈಕರ್‌ನ ಹಿಂದೆ ಆಡುವವನು, ಒಬ್ಬನೇ ನಿಂತಿದ್ದಾನೆ. ತಿರುಗುತ್ತಾನೆ, ತಲೆ ಎತ್ತುತ್ತಾನೆ.

ಈಗ ನಮ್ಮ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಮುಂದೆ ಎರಡು ದಾರಿಗಳಿವೆ, ಎರಡೂ ಕೆಟ್ಟವು. ಮುಂದೆ ಬಂದು ತಡೆದರೆ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಹಿಂದೆ ಸರಿದರೆ ಎದುರಾಳಿ ಪೆನಾಲ್ಟಿ ಪೆಟ್ಟಿಗೆಯ ಅಂಚಿಗೆ ಬಂದು ಗುರಿ ನೋಡಿ ಒದೆಯುತ್ತಾನೆ. ಹುಡುಗ ಮುಂದೆ ಬರುತ್ತಾನೆ, ಚೆಂಡು ಅವನ ಪಕ್ಕದಿಂದಲೇ ಹಿಂದಕ್ಕೆ ಜಾರುತ್ತದೆ, ಸ್ಟ್ರೈಕರ್ ಓಡುತ್ತಾನೆ, ಗೋಲು. ಮೈದಾನದ ಸುತ್ತ ಎಲ್ಲರೂ ಸೆಂಟರ್ ಬ್ಯಾಕ್‌ನ ಹೆಸರು ಹಿಡಿದು ಕೂಗುತ್ತಾರೆ. ಅಂಚಿಗೆ ಓಡಿದ್ದ ಹುಡುಗ ಸೊಂಟದ ಮೇಲೆ ಕೈಯಿಟ್ಟು ತಾನೂ ಅವನ ಕಡೆಗೇ ನೋಡುತ್ತಾನೆ.

ಅವನು ಮಾಡಬೇಕಿದ್ದದ್ದು ಇಷ್ಟೇ. ನಮ್ಮ ಬಲ ಫುಲ್‌ಬ್ಯಾಕ್‌ಗೆ ಮುಂದೆ ಹೋಗು ಎಂದು ಕೂಗುವುದು, ತಾನು ನಾಲ್ಕೈದು ಹೆಜ್ಜೆ ಬಲಕ್ಕೆ ಸರಿದು ಒಳಗಿನ ಪಾಸಿನ ದಾರಿ ಮುಚ್ಚುವುದು. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಹಾಗಾದರೆ ಗೋಲು ಹೋದಾಗ ತಪ್ಪು ಯಾರದೆಂದು ಕಂಡುಹಿಡಿಯುವುದು ಹೇಗೆ?

ಮೊಬೈಲ್‌ನಲ್ಲಿ ಪಂದ್ಯದ ವಿಡಿಯೊ ಇದ್ದರೆ ಗೋಲಿನಿಂದ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಚಿತ್ರ ನಿಲ್ಲಿಸಿ. ಕೊನೆಯ ಎರಡು ಸೆಕೆಂಡಿನಲ್ಲಿ ಕಾಣುವವರು ಡಿಫೆಂಡರ್ ಮತ್ತು ಗೋಲ್‌ಕೀಪರ್ ಮಾತ್ರ, ಅದಕ್ಕೇ ಬೈಗುಳವೆಲ್ಲ ಅವರಿಬ್ಬರ ಪಾಲಿಗೆ. ಹತ್ತು ಸೆಕೆಂಡು ಹಿಂದೆ ನಮ್ಮ ಡಿಫೆಂಡರ್‌ಗಳ ಮುಂದಿನ ಜಾಗದಲ್ಲಿ ಯಾರಿದ್ದರು ಎಂದು ನೋಡಿ. ಎದುರಾಳಿ ಮಾತ್ರ ಕಂಡರೆ, ಅಲ್ಲಿರಬೇಕಾದ ನಮ್ಮವನು ಎಲ್ಲಿದ್ದಾನೆ ಎಂದು ಹುಡುಕಿ. ಬಹಳ ಸಲ ಅವನು ತುಂಬ ಉತ್ಸಾಹದಿಂದ ಬೇರೆ ಯಾರದೋ ಕೆಲಸ ಮಾಡುತ್ತಿರುತ್ತಾನೆ.

ಇದಕ್ಕೂ ಅಪವಾದಗಳಿವೆ. ಕಾರ್ನರ್, ಫ್ರೀಕಿಕ್‌ನಿಂದ ಬಂದ ಗೋಲುಗಳಿಗೆ ಈ ಲೆಕ್ಕ ಹಚ್ಚಬೇಡಿ.

6, 8, 10 ಎಂದು ಮಾತನಾಡುತ್ತಾರಲ್ಲ, ಯಾರು ಏನು ಮಾಡಬೇಕು?

ಆರು ಎಂದರೆ ಡಿಫೆಂಡರ್‌ಗಳ ಮುಂದೆ ಕಾವಲು ಕಾಯುವವನು. ಎಂಟು ಎಂದರೆ ಎರಡೂ ಪೆನಾಲ್ಟಿ ಪೆಟ್ಟಿಗೆಗಳ ನಡುವೆ ಓಡಾಡುವವನು. ಹತ್ತು ಎಂದರೆ ಸ್ಟ್ರೈಕರ್‌ನ ಹಿಂದೆ ನಿಂತು ಅವಕಾಶ ಹುಟ್ಟಿಸುವವನು. ಅಂಗಿಯ ಮೇಲಿನ ಸಂಖ್ಯೆ ಯಾವುದಾದರೂ ಇರಬಹುದು. ಆರನೆಯವನು ಜಾಗ ಬಿಡುವ ಮುನ್ನ ಹತ್ತು ಸಲ ಯೋಚಿಸಬೇಕು, ಎಂಟನೆಯವನು ಒಂದು ಸಲ, ಹತ್ತನೆಯವನು ಚೆಂಡು ಕಳೆದುಕೊಂಡ ಮೇಲಾದರೂ.

ಒಬ್ಬ ಆಟಗಾರನಿಂದ ತಂಡದ ಫಲಿತಾಂಶ ಅಷ್ಟು ಬದಲಾಗುತ್ತದೆಯೇ?

ಎಲ್ಲರೂ ಕೊಡುವ ಉದಾಹರಣೆ ಕಾವಲು ಮಿಡ್‌ಫೀಲ್ಡರ್ ಕ್ಲಾಡ್ ಮಕಲೆಲೆ. ಹಳತಾದರೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ರಿಯಲ್ ಮ್ಯಾಡ್ರಿಡ್ 2002-03ರಲ್ಲಿ ಸ್ಪೇನ್ ಲೀಗ್ ಗೆದ್ದಿತು. 2003ರ ಬೇಸಿಗೆಯಲ್ಲಿ ಡೇವಿಡ್ ಬೆಕ್‌ಹಮ್‌ನನ್ನು ತಂದಿತು, ಮಕಲೆಲೆಯನ್ನು ಚೆಲ್ಸಿಗೆ ಬಿಟ್ಟುಕೊಟ್ಟಿತು. ಜಿದಾನ್, ಫಿಗೊ, ಬ್ರೆಜಿಲ್‌ನ ರೊನಾಲ್ಡೊ, ರೌಲ್, ಬೆಕ್‌ಹಮ್ ಎಲ್ಲರೂ ಇದ್ದ ತಂಡ ಮರುವರ್ಷ ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಮತ್ತೆ ಲೀಗ್ ಗೆದ್ದದ್ದು 2006-07ರಲ್ಲಿ. ಅತ್ತ ಚೆಲ್ಸಿ 2004-05ರಲ್ಲಿ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಕೇವಲ 15 ಗೋಲು. ಪ್ರೀಮಿಯರ್ ಲೀಗ್‌ನಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. ಜಾನ್ ಟೆರಿ, ಪೀಟರ್ ಚೆಕ್, ಕೋಚ್ ಜೋಸೆ ಮೊರಿನ್ಯೊ ಇವರಿಗೂ ಅದರಲ್ಲಿ ದೊಡ್ಡ ಪಾಲಿದೆ. ಎಲ್ಲವನ್ನೂ ಮಕಲೆಲೆಯ ಲೆಕ್ಕಕ್ಕೆ ಬರೆಯುವುದು ಭಕ್ತಿಯಾದೀತು, ವಿಶ್ಲೇಷಣೆಯಾಗದು. ಆದರೆ ಗೋಲು ಹೊಡೆಯುವವರನ್ನು ಸಾಲುಗಟ್ಟಿ ನಿಲ್ಲಿಸಿ, ಅವರು ಬಿಟ್ಟುಹೋಗುವ ಜಾಗ ಕಾಯುವವನನ್ನು ಮಾರಿದರೆ ಏನಾಗುತ್ತದೆಂದು ಮ್ಯಾಡ್ರಿಡ್ ತನ್ನ ಖರ್ಚಿನಲ್ಲೇ ಜಗತ್ತಿಗೆ ತೋರಿಸಿತು.

ಹತ್ತಿರದ ಉದಾಹರಣೆ ಇನ್ನೊಬ್ಬ ಕಾವಲು ಮಿಡ್‌ಫೀಲ್ಡರ್ ರೊಡ್ರಿ. ಮ್ಯಾಂಚೆಸ್ಟರ್ ಸಿಟಿ ಸತತ ನಾಲ್ಕು ಸಲ ಇಂಗ್ಲೆಂಡಿನ ಲೀಗ್ ಗೆದ್ದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ವಿರುದ್ಧದ ಪಂದ್ಯದಲ್ಲಿ ಅವನ ಮೊಣಕಾಲಿಗೆ ಪೆಟ್ಟಾಯಿತು. ಆ ಋತುವಿನಲ್ಲಿ ಸಿಟಿ ಮೂರನೇ ಸ್ಥಾನಕ್ಕೆ ಜಾರಿತು. ಗಾಯಗೊಂಡವರು ಬೇರೆಯವರೂ ಇದ್ದರು, ವಯಸ್ಸಾದವರೂ ಇದ್ದರು. ಆದರೂ ಆ ತಿಂಗಳುಗಳಲ್ಲಿ ಸಿಟಿ ಬಿಟ್ಟುಕೊಟ್ಟ ಗೋಲುಗಳನ್ನು ನೋಡಿದವರಿಗೆ ನಡುವಿನಲ್ಲಿ ತೆರೆದುಕೊಂಡಿದ್ದ ಬಯಲು ನೆನಪಿರುತ್ತದೆ.

ಬ್ರೆಜಿಲ್ 1-7ರಲ್ಲಿ ಸೋತದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?

ಬಹಳ ಇದೆ. 2014ರ ಜುಲೈ 8, ಬೆಲೊ ಒರಿಜೊಂಚಿ, ಜರ್ಮನಿ ವಿರುದ್ಧ ವಿಶ್ವಕಪ್ ಸೆಮಿಫೈನಲ್. ನೇಮರ್ ಗಾಯದಿಂದ ಹೊರಗೆ, ನಾಯಕ ತಿಯಾಗೊ ಸಿಲ್ವ ಹಳದಿ ಕಾರ್ಡುಗಳ ಲೆಕ್ಕದಲ್ಲಿ ಹೊರಗೆ. ಮಾತೆಲ್ಲ ಈ ಇಬ್ಬರ ಸುತ್ತಲೇ ನಡೆಯಿತು. ಗೋಲುಗಳ ಸಮಯ ನೋಡಿ: 11ನೇ ನಿಮಿಷ, ಆಮೇಲೆ 23, 24, 26, 29. ಮೊದಲನೆಯದು ಕಾರ್ನರ್‌ನಿಂದ ಬಂದದ್ದು. ಉಳಿದ ನಾಲ್ಕು ಗೋಲುಗಳ ಹೊತ್ತಿಗೆ ಬ್ರೆಜಿಲ್‌ನ ನಡುಮೈದಾನ ಎಂಬುದು ಕಾಗದದ ಮೇಲೆ ಮಾತ್ರ ಇತ್ತು.

26ನೇ ನಿಮಿಷದ್ದನ್ನು ಹತ್ತಿರದಿಂದ ನೋಡಿ. ಮೂರನೇ ಗೋಲು ತಿಂದು ಬ್ರೆಜಿಲ್ ಆಟ ಆರಂಭಿಸಿದೆ. ಮಿಡ್‌ಫೀಲ್ಡರ್ ಫರ್ನಾಂಡಿನ್ಯೊಗೆ ತನ್ನ ಗೋಲಿನ ಕಡೆಗೆ ಮುಖ ಮಾಡಿದ್ದಾಗ ಪಾಸ್ ಬರುತ್ತದೆ. ಬೆನ್ನ ಹಿಂದೆ ಯಾರಿದ್ದಾರೆಂದು ಅವನು ನೋಡಿಕೊಂಡಿಲ್ಲ. ಜರ್ಮನಿಯ ಟೋನಿ ಕ್ರೂಸ್ ಚೆಂಡು ಕಿತ್ತುಕೊಳ್ಳುತ್ತಾನೆ, ಸಾಮಿ ಕೆದಿರಾಗೆ ಕೊಟ್ಟು ಮರಳಿ ಪಡೆದು ಗೋಲಿಗೆ ತಳ್ಳುತ್ತಾನೆ. ಚೆಂಡು ಕಳೆದುಕೊಳ್ಳುವುದು ಯಾರಿಗೂ ತಪ್ಪಿದ್ದಲ್ಲ. ಕಳೆದುಕೊಂಡ ಕ್ಷಣದಲ್ಲಿ ಪಕ್ಕದಲ್ಲಿ ಇನ್ನೊಬ್ಬ ಮಿಡ್‌ಫೀಲ್ಡರ್ ಇದ್ದಿದ್ದರೆ ಅದು ಬರೀ ತಪ್ಪು ಪಾಸ್ ಆಗಿ ಉಳಿಯುತ್ತಿತ್ತು. ಇರಲಿಲ್ಲ. ಒಂದು ಗೋಲು ತೀರಿಸುವ ಅವಸರದಲ್ಲಿ ಎಲ್ಲರೂ ಮುಂದಿದ್ದರು, ಆಮೇಲೆ ಎರಡು, ಮೂರು ಗೋಲು ತೀರಿಸುವ ಅವಸರದಲ್ಲಿ ಇನ್ನೂ ಮುಂದೆ. ಮಧ್ಯಂತರದಲ್ಲಿ ಬ್ರೆಜಿಲ್ ಫರ್ನಾಂಡಿನ್ಯೊ ಮತ್ತು ಹಲ್ಕ್‌ನನ್ನು ತೆಗೆದು ಇಬ್ಬರು ಮಿಡ್‌ಫೀಲ್ಡರ್‌ಗಳನ್ನು ಇಳಿಸಿತು. ಅಷ್ಟರಲ್ಲಿ ಅಂಕಪಟ್ಟಿಯಲ್ಲಿ 0-5 ಇತ್ತು.

ನನ್ನ ಓದು ಹೀಗಿದೆ: ಹಿಂದೆ ಬಿದ್ದಾಗ ಶಿಸ್ತು ಮೊದಲು ಒಡೆಯುವುದು ನಡುಮೈದಾನದಲ್ಲಿ. ಸ್ಟ್ರೈಕರ್ ಹೇಗೂ ಮುಂದೆಯೇ ಇರುತ್ತಾನೆ, ಡಿಫೆಂಡರ್‌ಗೆ ಹಿಂದೆ ಬಿಟ್ಟುಹೋಗಲು ಹೆದರಿಕೆ. ಎರಡೂ ಕಡೆ ಎಳೆದಾಡುವುದು ನಡುವಿನವನ ಮನಸ್ಸು.

ಇಬ್ಬರು ಅತ್ಯುತ್ತಮ ಮಿಡ್‌ಫೀಲ್ಡರ್‌ಗಳಿದ್ದರೆ ಇಬ್ಬರನ್ನೂ ಆಡಿಸಬೇಕಲ್ಲವೇ?

ಇಂಗ್ಲೆಂಡ್ ಸ್ಟೀವನ್ ಜೆರಾರ್ಡ್, ಫ್ರಾಂಕ್ ಲ್ಯಾಂಪಾರ್ಡ್ ಇಬ್ಬರನ್ನೂ ವರ್ಷಗಟ್ಟಲೆ ಒಟ್ಟಿಗೆ ಆಡಿಸಿತು. ಇಬ್ಬರಿಗೂ ಮುಂದೆ ನುಗ್ಗುವ ಚಟ. ಒಬ್ಬ ಹೋದಾಗ ಇನ್ನೊಬ್ಬ ಉಳಿಯಬೇಕೆಂಬ ಒಪ್ಪಂದ ಕಾಗದದಲ್ಲಿತ್ತು, ಕಾಲಿನಲ್ಲಿರಲಿಲ್ಲ. ಅದೇ ಕಾಲದ ಸ್ಪೇನ್ 2010ರ ವಿಶ್ವಕಪ್‌ನಲ್ಲಿ ಶಾವಿ, ಇನಿಯೆಸ್ಟಾ ಇದ್ದೂ ಅವರ ಹಿಂದೆ ಸೆರ್ಗಿಯೊ ಬುಸ್ಕೆಟ್ಸ್, ಶಾಬಿ ಅಲೊನ್ಸೊ ಇಬ್ಬರನ್ನು ನಿಲ್ಲಿಸಿತು. ನಾಕೌಟ್ ಹಂತದ ನಾಲ್ಕೂ ಪಂದ್ಯಗಳನ್ನು 1-0ಯಿಂದ ಗೆದ್ದಿತು. ಇಡೀ ಟೂರ್ನಿಯಲ್ಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು. ನೋಡಲು ಬೇಸರ ಎಂದು ದೂರಿದವರಿದ್ದರು. ಕಪ್ ಮನೆಗೆ ಹೋದ ಮೇಲೆ ಆ ದೂರಿಗೆ ಕಿವಿಗೊಟ್ಟವರು ಕಡಿಮೆ.

ಇಷ್ಟೆಲ್ಲ ಶಿಸ್ತು ಹೇರಿದರೆ ಹುಡುಗರ ಕೈಚಳಕ ಸತ್ತುಹೋಗುವುದಿಲ್ಲವೇ?

ಈ ಪ್ರಶ್ನೆ ಬೆಂಗಳೂರಿನಲ್ಲಿ ಬರಲೇಬೇಕು. ಚೆಂಡು ಕಾಲಿಗೆ ಅಂಟಿಸಿಕೊಂಡು ಮೂವರನ್ನು ದಾಟುವವನನ್ನು ಹೆಗಲ ಮೇಲೆ ಹೊತ್ತ ಊರು ಇದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯವರು. ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ ಪಂಚ ಪಾಂಡವರೆಂದು ಹೆಸರಾದ ಐವರು ದಾಳಿಗಾರರಲ್ಲಿ ಒಬ್ಬರಾಗಿ ಕೋಲ್ಕತ್ತವನ್ನು ಮರುಳು ಮಾಡಿದ ಅಹ್ಮದ್ ಖಾನ್ ಇಲ್ಲಿಯವರು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ.

ಆ ಪ್ರತಿಮೆಯನ್ನು ಕಂಡಾಗಲೆಲ್ಲ ನನಗೆ ಝಿಟೊ ನೆನಪಾಗುತ್ತಾನೆ. ಸ್ಯಾಂಟೋಸ್ ಕ್ಲಬ್‌ನಲ್ಲೂ, 1958 ಮತ್ತು 1962ರ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದಲ್ಲೂ ನಡುಮೈದಾನದ ಹಿಂಬದಿಯನ್ನು ಕಾಯುತ್ತಿದ್ದವನು ಅವನು. ಪೆಲೆಗೆ ತನ್ನಿಚ್ಛೆಯಂತೆ ಅಲೆಯುವ ಸ್ವಾತಂತ್ರ್ಯವಿತ್ತು ಎಂದರೆ ಆ ಸ್ವಾತಂತ್ರ್ಯದ ಬಾಡಿಗೆ ಕಟ್ಟುತ್ತಿದ್ದವರಲ್ಲಿ ಝಿಟೊ ಒಬ್ಬ. ಹಾಗೆಂದು ಅವನೇನು ಕಲ್ಲಿನಂತೆ ನಿಂತವನಲ್ಲ. 1962ರ ಫೈನಲ್‌ನಲ್ಲಿ ಚೆಕೊಸ್ಲೊವಾಕಿಯ ವಿರುದ್ಧ ಎರಡನೇ ಗೋಲು ಹೊಡೆದವನೂ ಅವನೇ. ಯಾವಾಗ ಬಿಟ್ಟುಹೋಗಬಹುದು ಎಂದು ತಿಳಿದಿದ್ದ.

ಶಿಸ್ತು ಕೈಚಳಕವನ್ನು ಕೊಲ್ಲುವುದು ಕೋಚ್ ಅದನ್ನು ತಪ್ಪಾಗಿ ಕಲಿಸಿದಾಗ. ಎದುರಾಳಿಯ ಪೆನಾಲ್ಟಿ ಪೆಟ್ಟಿಗೆಯ ಹತ್ತಿರ ಹುಡುಗ ಒಬ್ಬನನ್ನು ದಾಟಲು ಯತ್ನಿಸಿ ಚೆಂಡು ಕಳೆದುಕೊಂಡರೆ ಬೈಯುವ ಕೋಚ್‌ಗಳನ್ನು ಕಂಡಿದ್ದೇನೆ. ಅದು ಶಿಸ್ತಿನ ಹೆಸರಿನಲ್ಲಿ ಹೇಡಿತನ. ನಮ್ಮ ಗೋಲಿನ ಮುಂದೆ ಅದೇ ಆಟವಾಡಿದರೆ ಬೈಯಿರಿ, ನಾನೂ ಜೊತೆಗೂಡುತ್ತೇನೆ.

ಜಾಗ ಅದಲು ಬದಲು ಮಾಡಿಕೊಂಡು ಆಡುವ ತಂಡಗಳಿವೆಯಲ್ಲ? ಅಲ್ಲಿ ಶಿಸ್ತು ಎಲ್ಲಿ?

ಅಲ್ಲೇ ಹೆಚ್ಚು. ರಿನುಸ್ ಮಿಷೆಲ್ಸ್ ಕೋಚ್ ಆಗಿದ್ದ 1974ರ ನೆದರ್ಲೆಂಡ್ಸ್ ತಂಡದಲ್ಲಿ ಡಿಫೆಂಡರ್ ಮುಂದೆ ಹೋದರೆ ಮಿಡ್‌ಫೀಲ್ಡರ್ ಹಿಂದೆ ಬರುತ್ತಿದ್ದ. ಯೋಹಾನ್ ಕ್ರೈಫ್ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದ, ಅವನು ಬಿಟ್ಟ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ವ್ಯಕ್ತಿ ಬದಲಾದರೂ ಜಾಗ ಖಾಲಿ ಉಳಿಯಬಾರದು. ಹುಡುಗರು ಈ ಆಟದ ತುಣುಕು ನೋಡಿ ಮೊದಲರ್ಧ ಮಾತ್ರ ಕಲಿಯುತ್ತಾರೆ, ಅಂದರೆ ಜಾಗ ಬಿಡುವುದನ್ನು.

ನಾವು ಬಾಡಿಗೆ ಟರ್ಫ್‌ನಲ್ಲಿ ಐದೈದು ಜನ ಆಡುವವರು. ನಮಗೂ ಇದೆಲ್ಲ ಬೇಕೇ?

ಖುಷಿಗೆ ಆಡುವವರು ಖುಷಿಯಾಗಿ ಆಡಿ. ಆದರೆ ಟರ್ಫ್‌ನಲ್ಲೇ ಆಟ ಕಲಿತು ಆಮೇಲೆ ಹನ್ನೊಂದು ಜನರ ತಂಡಕ್ಕೆ ಬರುವ ಹುಡುಗರು ಹೊತ್ತು ತರುವ ಅಭ್ಯಾಸಗಳ ಬಗ್ಗೆ ಹೇಳದೆ ಇರಲಾರೆ.

ಬೆಂಗಳೂರಿನಲ್ಲಿ ಬಯಲುಗಳು ಕಡಿಮೆಯಾಗಿ, ಕಟ್ಟಡಗಳ ನಡುವೆ, ಕೆಲವೆಡೆ ಮಾಳಿಗೆಯ ಮೇಲೂ ಬಲೆ ಕಟ್ಟಿದ ಟರ್ಫ್‌ಗಳು ಬಂದಿವೆ. ಅಲ್ಲಿ ಕಾಲಿನ ಚುರುಕು ಬೆಳೆಯುತ್ತದೆ, ಚಿಕ್ಕ ಪಾಸು ಚೆನ್ನಾಗಿ ಕೂಡುತ್ತದೆ. ಆದರೆ ಜಾಗ ಬಿಟ್ಟು ಮುಂದೆ ಹೋದವನು ಹಿಂದೆ ಬರಲು ಹತ್ತು ಹದಿನೈದು ಮೀಟರ್ ಓಡಿದರೆ ಸಾಕು. ಅನೇಕ ಕಡೆ ಚೆಂಡು ಬಲೆಗೆ ಬಡಿದು ತಾನಾಗಿಯೇ ವಾಪಸು ಬರುತ್ತದೆ, ಅಂಚುಗೆರೆ ಎಂಬುದೇ ಇಲ್ಲ. ದಣಿದವನು ಹೊರಗೆ ಹೋಗಿ ನೀರು ಕುಡಿದು ಮತ್ತೆ ಬರುತ್ತಾನೆ. ಅಂದರೆ ತಪ್ಪಿಗೆ ದಂಡವೇ ಇಲ್ಲ. ದೊಡ್ಡ ಮೈದಾನದಲ್ಲಿ ಅದೇ ತಪ್ಪಿಗೆ ನಲವತ್ತು ಮೀಟರ್ ಹಿಂದಕ್ಕೆ ಓಡಬೇಕು, ಅದೂ ಎದುರಾಳಿಯ ಬೆನ್ನು ನೋಡುತ್ತ.

ಟರ್ಫ್‌ನಲ್ಲೇ ಒಂದು ನಿಯಮ ಹಾಕಿಕೊಳ್ಳಿ: ಚೆಂಡು ನಮ್ಮ ಬಳಿ ಇದ್ದರೂ ಒಬ್ಬ ಸದಾ ಹಿಂದೆ, ನಟ್ಟನಡುವೆ. ಯಾರಾದರೂ ಸರಿ, ಸರದಿಯಾದರೂ ಸರಿ. ಬರೀ ಇಷ್ಟರಿಂದ ತಿನ್ನುವ ಗೋಲುಗಳು ಕಡಿಮೆಯಾಗುವುದನ್ನು ನೋಡುತ್ತೀರಿ.

ಕಂಠೀರವದಲ್ಲಿ ಇದನ್ನೆಲ್ಲ ನೋಡಬೇಕೆಂದರೆ ಎಲ್ಲಿ ಕುಳಿತುಕೊಳ್ಳಬೇಕು?

ಎತ್ತರದಲ್ಲಿ. ಕಂಠೀರವ ಅಥ್ಲೆಟಿಕ್ಸ್‌ಗೂ ಕಟ್ಟಿದ ಕ್ರೀಡಾಂಗಣ, ಆಟದ ನೆಲಕ್ಕೂ ಪ್ರೇಕ್ಷಕರಿಗೂ ನಡುವೆ ಓಟದ ಪಥವಿದೆ. ಕೆಳಗಿನ ಸಾಲಿನಲ್ಲಿ ಕುಳಿತರೆ ಹತ್ತಿರವೂ ಅಲ್ಲ, ಆಕಾರವೂ ಕಾಣದು. ಮೇಲಿನ ಸಾಲಿನಿಂದ ನಾಲ್ವರು ಡಿಫೆಂಡರ್‌ಗಳ ಸಾಲು, ಅವರ ಮುಂದಿನ ಮಿಡ್‌ಫೀಲ್ಡ್ ಸಾಲು, ನಡುವಿನ ಅಂತರ ಎಲ್ಲ ಬರೆದಿಟ್ಟಂತೆ ಕಾಣುತ್ತದೆ. ಗೋಲಿನ ಹಿಂಬದಿಯಿಂದ ನೋಡಿದರೆ ತಂಡ ಅಡ್ಡಡ್ಡ ಸರಿಯುವುದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಐದು ನಿಮಿಷ ಚೆಂಡನ್ನು ಮರೆತು ಒಬ್ಬನೇ ಮಿಡ್‌ಫೀಲ್ಡರ್‌ನನ್ನು ನೋಡಿ. ಚೆಂಡು ತನ್ನಿಂದ ದೂರವಿದ್ದಾಗ ಅವನು ಎಷ್ಟು ಸಲ ತಲೆ ತಿರುಗಿಸಿ ಹಿಂದೆ ನೋಡುತ್ತಾನೆ, ಯಾರಿಗೆ ಕೈ ತೋರಿಸುತ್ತಾನೆ. ಟಿವಿಯಲ್ಲಿ ಇದು ಸಿಗುವುದಿಲ್ಲ, ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿರುತ್ತದೆ. ಕ್ರೀಡಾಂಗಣಕ್ಕೆ ಟಿಕೆಟ್ ತೆಗೆದುಕೊಂಡು ಹೋಗಬೇಕೆನ್ನುವುದಕ್ಕೆ ನನ್ನ ಬಳಿ ಇರುವ ಏಕೈಕ ಗಟ್ಟಿ ಕಾರಣ ಇದೇ.

ಬಿಎಫ್‌ಸಿ ಚಾಂಪಿಯನ್ ಆದ ವರ್ಷ ನಡುಮೈದಾನ ಹೇಗಿತ್ತು?

2018-19ರ ಇಂಡಿಯನ್ ಸೂಪರ್ ಲೀಗ್. ಕೋಚ್ ಕಾರ್ಲೆಸ್ ಕ್ವಾದ್ರಾತ್. ನಡುವೆ ಸ್ಪೇನ್‌ನ ದಿಮಾಸ್ ದೆಲ್ಗಾದೊ. ವೇಗದ ಆಟಗಾರನಲ್ಲ, ವೇಗ ಬೇಕಾಗುವ ಪರಿಸ್ಥಿತಿಗೆ ಸಿಕ್ಕಿಬೀಳದವನು. ತನ್ನ ಕಾಲಿಗಿಂತ ಒಂದು ಸೆಕೆಂಡು ಮೊದಲು ತಲೆ ಅಲ್ಲಿರುತ್ತಿತ್ತು. ಮುಂದೆ ಸುನಿಲ್ ಛೆಟ್ರಿ, ಮಿಕು, ಉದಾಂತ ಸಿಂಗ್ ಓಡುತ್ತಿದ್ದರು, ಜನ ನೋಡಿದ್ದೂ ಅವರನ್ನೇ.

ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಪೂರ್ಣಾವಧಿಯಲ್ಲಿ ಗೋಲೇ ಬರಲಿಲ್ಲ. ಹೆಚ್ಚುವರಿ ಸಮಯದ ಮೊದಲರ್ಧ ಮುಗಿಯುವ ಹೊತ್ತಿಗೆ ಗೋವಾದ ಮಿಡ್‌ಫೀಲ್ಡರ್ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರನಡೆದ. 117ನೇ ನಿಮಿಷದಲ್ಲಿ ದಿಮಾಸ್ ಒದ್ದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟು ಗೋಲು ಮಾಡಿದ. ಗೋಲು ಕಾರ್ನರ್‌ನದು, ಅದನ್ನು ಕೆಂಪು ಕಾರ್ಡಿಗೆ ನೇರವಾಗಿ ಗಂಟು ಹಾಕಲಾರೆ. ಆದರೆ ಫೈನಲ್‌ನ ಕೊನೆಯ ಹದಿನೈದು ನಿಮಿಷ ನಡುವಿನ ಆಟಗಾರನಿಲ್ಲದೆ ಹತ್ತು ಜನ ಕಾಯುವುದು ಎಷ್ಟು ಕಷ್ಟ ಎಂದು ಗೋವಾದವರನ್ನು ಕೇಳಿ.

ಮಿಡ್‌ಫೀಲ್ಡರ್‌ಗಳಿಗೇ ಹೆಚ್ಚು ಹಳದಿ ಕಾರ್ಡ್ ಬರುವುದೇಕೆ?

ತಡವಾಗಿ ತಲುಪುವುದರಿಂದ. ಜಾಗ ಬಿಟ್ಟವನು ಹಿಂದೆ ಓಡಿ ಬಂದು, ದಾಟಿಹೋಗುತ್ತಿರುವವನ ಅಂಗಿ ಎಳೆಯುತ್ತಾನೆ. ಎದುರಾಳಿಯ ಭರವಸೆಯ ದಾಳಿಯನ್ನು ಫೌಲ್ ಮಾಡಿ ತಡೆದರೆ ಹಳದಿ ಎಂದು ನಿಯಮವೇ ಇದೆ. ಕೆಲವು ಸಲ ಅದು ಜಾಣತನದ ಫೌಲ್, ಒಪ್ಪುತ್ತೇನೆ. ಮೊದಲ ಇಪ್ಪತ್ತು ನಿಮಿಷದಲ್ಲೇ ಮಾಡಿದರೆ ಉಳಿದ ಎಪ್ಪತ್ತು ನಿಮಿಷ ಅವನು ಅರ್ಧ ಮಿಡ್‌ಫೀಲ್ಡರ್.

ಮಕ್ಕಳಿಗೆ ಯಾವ ವಯಸ್ಸಿನಿಂದ, ಹೇಗೆ ಕಲಿಸಬೇಕು?

ಹತ್ತು ವರ್ಷದ ಮಗುವಿಗೆ ಸ್ಥಾನದ ಪಾಠ ಬೇಡ. ಜೇನುಹುಳುಗಳ ಹಾಗೆ ಎಲ್ಲರೂ ಚೆಂಡಿನ ಹಿಂದೆ ಓಡಲಿ, ಚೆಂಡಿನ ಸ್ನೇಹವಾಗಲಿ. ಹನ್ನೆರಡು ದಾಟಿದ ಮೇಲೆ ಶುರು ಮಾಡಿದರೆ ತಡವೇನೂ ಆಗುವುದಿಲ್ಲ.

ಮೊದಲ ಪಾಠ ತಲೆ ತಿರುಗಿಸುವುದು. ಪಾಸ್ ಬರುವ ಮೊದಲೇ ಹಿಂದೆ ಯಾರಿದ್ದಾರೆಂದು ನೋಡುವುದು. ನಾನು ಹುಡುಗನ ಬೆನ್ನ ಹಿಂದೆ ನಿಂತು ಬೆರಳುಗಳನ್ನು ಎತ್ತಿ ಹಿಡಿಯುತ್ತೇನೆ. ಪಾಸ್ ತೆಗೆದುಕೊಳ್ಳುವ ಮುನ್ನ ಎಷ್ಟು ಬೆರಳೆಂದು ಅವನು ಕೂಗಬೇಕು. ಮಕ್ಕಳಿಗೆ ಇದು ಆಟ, ತಿಂಗಳೊಳಗೆ ಕತ್ತು ತಾನಾಗಿ ತಿರುಗತೊಡಗುತ್ತದೆ.

ಎರಡನೆಯದು ಸೀಟಿ ಪಾಠ. ಆಟ ನಡೆಯುವಾಗ ಸೀಟಿ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಮಿಡ್‌ಫೀಲ್ಡರ್‌ನಿಂದ ಡಿಫೆಂಡರ್‌ವರೆಗೆ ಹೆಜ್ಜೆ ಹಾಕಿ ಎಣಿಸುತ್ತೇವೆ. ಇಪ್ಪತ್ತೈದು ಹೆಜ್ಜೆ ಬಂದಾಗ ಹುಡುಗರು ತಾವೇ ನಗುತ್ತಾರೆ. ಮೂರನೆಯದು ಚೆಂಡಿಲ್ಲದ ಅಭ್ಯಾಸ. ಎಸಿ ಮಿಲಾನ್‌ಗೆ 1989, 1990ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟ ಅರಿಗೊ ಸಾಕಿ ಇದಕ್ಕೆ ಹೆಸರಾದ ಕೋಚ್. ಚೆಂಡು ಇಲ್ಲದೆಯೇ ಅವನು ಕೂಗಿದ ಕಡೆಗೆ ಇಡೀ ತಂಡ ಒಟ್ಟಾಗಿ ಸರಿಯಬೇಕಿತ್ತು. ನಮ್ಮ ಹುಡುಗರಿಗೆ ಇದು ಹತ್ತು ನಿಮಿಷ ದಾಟಿದರೆ ಆಕಳಿಕೆ ಬರುತ್ತದೆ. ಹತ್ತು ನಿಮಿಷ ಸಾಕು.

ಕಾವಲು ಮಿಡ್‌ಫೀಲ್ಡರ್ ಆಗಿ ಆಡಿದರೆ ಆಯ್ಕೆಗಾರರ ಕಣ್ಣಿಗೆ ಬೀಳುತ್ತೇನೆಯೇ?

ತಡವಾಗಿ ಬೀಳುತ್ತೀರಿ. ಒಂದು ದಿನದ ಟ್ರಯಲ್‌ನಲ್ಲಿ ಮೂವರನ್ನು ದಾಟಿದವನೇ ಮೊದಲು ಕಾಣುತ್ತಾನೆ, ಅದು ನಿಜ. ಆದರೆ ತಂಡಗಳಲ್ಲಿ ಈ ಜಾಗಕ್ಕೆ ಪೈಪೋಟಿ ಕಡಿಮೆ, ಸಿಕ್ಕವನನ್ನು ಕೋಚ್ ಬೇಗ ಬಿಡುವುದಿಲ್ಲ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ 2024ರಲ್ಲಿ ಮೇಲೆ ಹೇಳಿದ ರೊಡ್ರಿಗೆ ಸಿಕ್ಕಿತು. ಅದನ್ನು ಪಡೆಯಲು ಅವನು ಊರುಗೋಲಿನಲ್ಲಿ ವೇದಿಕೆ ಹತ್ತಿದ.

ಮಧ್ಯಂತರದ ಹೊತ್ತಿಗೆ ನಮ್ಮ ನಡುಮೈದಾನ ತೂತಾಗಿದೆ ಎನಿಸಿದರೆ ತಕ್ಷಣ ಏನು ಬದಲಿಸಬೇಕು?

ಹೊಸ ಫಾರ್ಮೇಶನ್ ಬರೆಯಲು ಹೋಗಬೇಡಿ, ಹದಿನೈದು ನಿಮಿಷದಲ್ಲಿ ಯಾರ ತಲೆಗೂ ಹೋಗುವುದಿಲ್ಲ. ಒಬ್ಬನಿಗೆ ಮಾತ್ರ ಹೇಳಿ: ಚೆಂಡು ಎಲ್ಲೇ ಇರಲಿ, ನೀನು ಇಬ್ಬರು ಸೆಂಟರ್ ಬ್ಯಾಕ್‌ಗಳ ನಡುವಿನ ಗೆರೆಯ ಮುಂದೆ ಇರು. ಫುಲ್‌ಬ್ಯಾಕ್‌ಗಳಿಬ್ಬರೂ ಒಟ್ಟಿಗೆ ಮುಂದೆ ಹೋಗುವುದನ್ನು ನಿಲ್ಲಿಸಿ, ಒಬ್ಬ ಹೋದರೆ ಇನ್ನೊಬ್ಬ ಉಳಿಯಲಿ. ಸ್ಟ್ರೈಕರ್‌ಗೆ ಐದು ಮೀಟರ್ ಹಿಂದೆ ಬರಲು ಹೇಳಿ, ಡಿಫೆಂಡರ್‌ಗಳಿಗೆ ಐದು ಮೀಟರ್ ಮುಂದೆ. ನಡುವಿನ ಬಯಲು ಹತ್ತು ಮೀಟರ್ ಕಿರಿದಾಯಿತು.

ಇಷ್ಟಾದರೂ ಎದುರಾಳಿ ಅಲ್ಲೇ ತಿರುಗುತ್ತಿದ್ದರೆ, ಅರವತ್ತನೇ ನಿಮಿಷದ ಸುಮಾರಿಗೆ ಒಬ್ಬ ವಿಂಗರ್‌ನನ್ನು ತೆಗೆದು ಮೂರನೇ ಮಿಡ್‌ಫೀಲ್ಡರ್‌ನನ್ನು ಇಳಿಸಿ. ಆ ವಿಂಗರ್‌ನ ತಂದೆ ಅಂಚಿನಿಂದ ಕೂಗಾಡಿದರೆ ಪಂದ್ಯ ಮುಗಿದ ಮೇಲೆ ಮಾತಾಡೋಣ ಸಾರ್ ಎನ್ನಿ, ಅಷ್ಟರವರೆಗೆ ಆ ಕಡೆ ತಿರುಗಿ ನೋಡಬೇಡಿ.